ಸ್ವಭಾವಪ್ರಕಾರಗಳೂ ಕ್ಷೇತ್ರಕಾರ್ಯದ ಮೇಲ್ವಿಚಾರಣೆಯೂ: ಘಟಪ್ರಭೆಯ ಸೀಮೆಯಿಂದ ಒಂದು ಅವಲೋಕನ

ಭಾರತದಲ್ಲಿ ಸಮಾಜಕಾರ್ಯ ಶಿಕ್ಷಣದ ಆರಂಭಕ್ಕೆ ಮಿಷನರಿಯೊಬ್ಬರು ಕಾರಣರೆಂಬುದನ್ನು ನಮ್ಮ ಸೆಮಿನರಿಗಳಲ್ಲಿ ನೆನೆಯುವವರು ವಿರಳ. ಅಮೆರಿಕನ್ ಮರಾಠಿ ಮಿಷನ್ನಿನ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅವರು ಮುಂಬಯಿಯ ನಾಗಪಾಡದ ಬಡಜನರ ನಡುವೆ ಸೇವೆಮಾಡಿ, 1936ರಲ್ಲಿ ಸರ್ ದೋರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆಯ ಪ್ರಥಮ ನಿರ್ದೇಶಕರಾದರು. ಪಾಠದೊಡನೆ ಕ್ಷೇತ್ರಕಾರ್ಯ, ಅದಕ್ಕೊಬ್ಬ ಮೇಲ್ವಿಚಾರಕ ಎಂಬುದು ಈ ಶಿಕ್ಷಣದ ಕ್ರಮ. ಇಂದು ಗೋಕಾಕ, ಹುಕ್ಕೇರಿ ಹಾಗೂ ಈಚೆಗೆ ಗೋಕಾಕದಿಂದ ಬೇರ್ಪಟ್ಟ ಮೂಡಲಗಿಯ ಹಳ್ಳಿಗಳಿಗೆ ಹೋಗುವ ವಿದ್ಯಾರ್ಥಿಯೂ ಅದೇ ಕ್ರಮಕ್ಕೆ ಒಳಪಟ್ಟವನು.

ಸ್ವಭಾವಪ್ರಕಾರಗಳು ಬಂದದ್ದು ಬೇರೊಂದು ದಾರಿಯಿಂದ. ಅಂತರ್ಮುಖಿ-ಬಹಿರ್ಮುಖಿ ಎಂಬ ಭೇದವನ್ನು ಯೂಂಗ್ 1921ರಲ್ಲಿ ವಿವರಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಅದನ್ನು 16 ಪ್ರಕಾರಗಳ ಪ್ರಶ್ನಾವಳಿಯಾಗಿ ಬೆಳೆಸಿದರು. ದುಡಿಮೆಗೆ ಬರುತ್ತಿದ್ದ ಸ್ತ್ರೀಯರಿಗೆ ಒಗ್ಗುವ ಕೆಲಸವನ್ನು ಹುಡುಕಿಕೊಡುವುದು ಅವರ ಉದ್ದೇಶಗಳಲ್ಲೊಂದು. ಇದರಿಂದ ಪ್ರಯೋಜನವಿಲ್ಲವೆಂದು ನಾವು ಹೇಳೆವು. ಮಾತಾಳಿಯಾದ ಮೇಲ್ವಿಚಾರಕನು ಮಿತಭಾಷಿಣಿಯಾದ ವಿದ್ಯಾರ್ಥಿನಿಯ ಮೌನವನ್ನು ಉದಾಸೀನವೆಂದು ವರದಿಯಲ್ಲಿ ಬರೆದುಬಿಡುವುದನ್ನು ಅದು ತಡೆಯಬಲ್ಲದು, ಪ್ರಶ್ನಾವಳಿಯನ್ನು ಆತನೂ ಮೊದಲು ತನಗೆ ಅನ್ವಯಿಸಿಕೊಂಡಿದ್ದರೆ.

ಆದರೆ ಈ ಸೀಮೆಯ ಚರಿತ್ರೆ ನಮ್ಮನ್ನು ಎಚ್ಚರಿಸುತ್ತದೆ. ಮುಂಬಯಿ ಪ್ರಾಂತದಲ್ಲಿದ್ದ ಬೆಳಗಾವಿ ಜಿಲ್ಲೆಗೆ ದೇವದಾಸಿ ಪದ್ಧತಿಯ ವಿರುದ್ಧ 1934ರಲ್ಲೇ ಕಾಯಿದೆ ಬಂದಿತ್ತು. ಕರ್ನಾಟಕದ ಕಾಯಿದೆ 1982ರದು. ಆದರೂ ಯಲ್ಲಮ್ಮನ ಹೆಸರಿನಲ್ಲಿ, ಬಹುಮಟ್ಟಿಗೆ ದಲಿತ ಕುಟುಂಬಗಳ ಹೆಣ್ಣುಮಕ್ಕಳಿಗೆ, ಮುತ್ತು ಕಟ್ಟುವುದು ನಡೆದೇ ಇತ್ತು. ಏನೂ ಅರಿಯದ ಬಾಲೆಗೆ ಇತರರು ಜೀವನಪರ್ಯಂತದ ಒಂದು ಪ್ರಕಾರವನ್ನು ಗೊತ್ತುಮಾಡುವುದಲ್ಲದೆ ಅದು ಮತ್ತೇನು? 1997ರಲ್ಲಿ ಘಟಪ್ರಭೆಯಲ್ಲಿ ಮಾಜಿ ದೇವದಾಸಿಯರದೇ ಆದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ರೂಪುಗೊಂಡಿತು. ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿಯವರು ಅದನ್ನು ಮುನ್ನಡೆಸಿ 2018ರಲ್ಲಿ ಪದ್ಮಶ್ರೀ ಪಡೆದರು. ಮುತ್ತು ಕಟ್ಟಿದವರು ಇದನ್ನು ಊಹಿಸಿರಲಾರರು.

ಇಂಥ ಸ್ತ್ರೀಯರ ಮನೆಯಂಗಳದಲ್ಲಿ ಕುಳಿತ ವಿದ್ಯಾರ್ಥಿನಿ ಮಾತಾಡದಿದ್ದರೆ ಅದು ಸ್ವಭಾವವೇ ಆಗಿರಬೇಕಿಲ್ಲ. ಜಾತಿಯ ಅಳುಕಿರಬಹುದು, ಭಾಷೆಯ ಸೊಗಡಿನ ಸಂಕೋಚವಿರಬಹುದು, ತನ್ನ ಅಜ್ಜಿಯ ನೆನಪೂ ಇರಬಹುದು. 16 ಪ್ರಕಾರಗಳಲ್ಲಿ ಇವುಗಳಿಗೆ ಸ್ಥಳವಿಲ್ಲ. ಪಂಫುಲ್ಯದಿಂದ ಹಿಂದಿರುಗಿದ ಮಾರ್ಕನನ್ನು ಪೌಲನು ಅಯೋಗ್ಯನೆಂದು ಎಣಿಸಿದಾಗ ಬಾರ್ನಬನು ಅವನನ್ನು ಕುಪ್ರದ್ವೀಪಕ್ಕೆ ಕರೆದೊಯ್ದನು; ಮುಂದೆ ತಿಮೊಥೆಗೆ ಬರೆದ ಪತ್ರದಲ್ಲಿ ಅದೇ ಮಾರ್ಕನು ಸೇವೆಗೆ ಉಪಯುಕ್ತನೆನಿಸಿಕೊಂಡನು. ಆದಕಾರಣ ಮೊದಲ ತಿಂಗಳುಗಳಲ್ಲಿ ವಿದ್ಯಾರ್ಥಿಯ ದಿನಚರಿಯನ್ನು ಜೊತೆಯಲ್ಲಿ ಕುಳಿತು ಓದುವುದೇ ಲೇಸು. ಪ್ರಶ್ನಾವಳಿಯನ್ನು ಆಮೇಲೆ ತೆರೆಯಬಹುದು.