ಲೆಕ್ಕಕ್ಕೆ ಸಿಗದ ಆಟ

ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಶಾಲೆಗಳ ಅಂಗಳದಲ್ಲಿ ಬಾಸ್ಕೆಟ್‌ಬಾಲ್ ನಡೆಯುವಾಗ ಚಪ್ಪಾಳೆಯೆಲ್ಲ ಚೆಂಡನ್ನು ಬುಟ್ಟಿಗೆ ಹಾಕಿದವರಿಗೆ. ಎದುರಾಳಿಯ ಚೆಂಡನ್ನು ಬುಟ್ಟಿಯ ಬಳಿ ತಡೆದು ನಿಲ್ಲಿಸಿದವರನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಹೀಗೆ ತಡೆಯುವುದನ್ನೇ ಒಂದು ವಿದ್ಯೆಯಾಗಿಸಿ, ಆಟದ ಚರಿತ್ರೆಯನ್ನೇ ಬದಲಿಸಿದವರು ಅಮೆರಿಕದ ಸೆಂಟರ್ ಆಟಗಾರ ಬಿಲ್ ರಸಲ್.

ರಸಲ್ ಹುಟ್ಟಿದ್ದು 1934ರಲ್ಲಿ, ಲೂಸಿಯಾನ ರಾಜ್ಯದ ವೆಸ್ಟ್ ಮನ್ರೋದಲ್ಲಿ. ಅಲ್ಲಿ ಕಪ್ಪು ಜನರನ್ನು ಕಾನೂನೇ ಬೇರೆಯಾಗಿಟ್ಟಿದ್ದ ಕಾಲ ಅದು. ಮುಂದೆ ಅವರ ಕುಟುಂಬ ಕ್ಯಾಲಿಫೋರ್ನಿಯದ ಓಕ್ಲೆಂಡ್‌ಗೆ ವಲಸೆ ಹೋಯಿತು. ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ತಂಡ 1955 ಮತ್ತು 1956ರಲ್ಲಿ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆದ್ದದ್ದು ಅವರ ಬಲದಿಂದ. 1956ರಲ್ಲೇ ಮೆಲ್ಬರ್ನ್ ಒಲಿಂಪಿಕ್ಸ್ ಚಿನ್ನ. ಅದರ ಬೆನ್ನಿಗೆ ವೃತ್ತಿಪರ ತಂಡ ಬಾಸ್ಟನ್ ಸೆಲ್ಟಿಕ್ಸ್‌ನಲ್ಲಿ ಸ್ಥಾನ. ಅಲ್ಲಿ ಅವರು ಆಡಿದ್ದು 13 ಋತು, ಗೆದ್ದ ಚಾಂಪಿಯನ್ ಪಟ್ಟ 11. ಅದರಲ್ಲಿ 1959ರಿಂದ 1966ರವರೆಗೆ ಸತತ ಎಂಟು.

ಚೆಂಡು ತಡೆಯುವವರು ಅದನ್ನು ಅಂಕಣದ ಆಚೆಗೆ ಬಾರಿಸಿ ಮೆರೆಯುವುದುಂಟು. ಆರಡಿ ಹತ್ತಂಗುಲದ ರಸಲ್ ಅದನ್ನು ಮೆಲ್ಲಗೆ ತಟ್ಟಿ ತಮ್ಮವರ ಕೈಗೇ ಬೀಳಿಸುತ್ತಿದ್ದರು. ರಕ್ಷಣೆ ಮುಗಿಯುವ ಮೊದಲೇ ಸೆಲ್ಟಿಕ್ಸ್ ದಾಳಿ ಆರಂಭವಾಗಿರುತ್ತಿತ್ತು. ಅವರ ಸರಾಸರಿ ಪಂದ್ಯಕ್ಕೆ ಸುಮಾರು 15 ಅಂಕ. ಅವರ ಮುಖ್ಯ ಎದುರಾಳಿ ವಿಲ್ಟ್ ಚೇಂಬರ್ಲೇನ್ ಅವರದು 30. 1962ರಲ್ಲಿ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದವರು ಅವರು. ಆದರೂ ಪ್ಲೇಆಫ್ ಸರಣಿಗಳಲ್ಲಿ ಇಬ್ಬರೂ ಎದುರುಬದುರಾದ ಎಂಟು ಸಲದಲ್ಲಿ ಏಳು ಸಲ ಗೆದ್ದದ್ದು ರಸಲ್ ಅವರ ತಂಡವೇ. ತಡೆದ ಚೆಂಡುಗಳನ್ನು ಎನ್‌ಬಿಎ ಅಧಿಕೃತವಾಗಿ ಎಣಿಸತೊಡಗಿದ್ದು 1973-74ರ ಋತುವಿನಿಂದ. ರಸಲ್ 1969ರಲ್ಲೇ ನಿವೃತ್ತರಾಗಿದ್ದರು. ಅವರ ಅತಿ ದೊಡ್ಡ ಸಾಧನೆಯ ಲೆಕ್ಕ ಯಾವ ಅಧಿಕೃತ ದಾಖಲೆಯಲ್ಲೂ ಇಲ್ಲ.

ಅಂಕಣದ ಹೊರಗೂ ಅವರು ಸುಮ್ಮನಿದ್ದವರಲ್ಲ. 1961ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಪ್ರದರ್ಶನ ಪಂದ್ಯವಿತ್ತು. ತಂಡ ಇಳಿದುಕೊಂಡಿದ್ದ ಹೋಟೆಲಿನಲ್ಲಿ ಕಪ್ಪು ಆಟಗಾರರಿಗೆ ಊಟ ಕೊಡಲು ನಿರಾಕರಿಸಿದರು. ರಸಲ್ ಮತ್ತು ಸಂಗಡಿಗರು ಪಂದ್ಯ ಬಿಟ್ಟು ಊರಿಗೆ ಮರಳಿದರು. ಹಳ್ಳಿಯ ಹೋಟೆಲುಗಳ ಬೇರೆ ಲೋಟದ ಕಥೆ ತಿಳಿದ ನಮಗೆ ಇದು ದೂರದ ಸಂಗತಿ ಎನಿಸದು. ಪಟ್ಟದ ಮೇಲೆ ಪಟ್ಟ ತಂದುಕೊಟ್ಟ ಬಾಸ್ಟನ್ನಿನ ಸೀಮೆಯಲ್ಲೇ ದುಷ್ಕರ್ಮಿಗಳು ಅವರ ಮನೆಗೆ ನುಗ್ಗಿ ಪಾರಿತೋಷಕಗಳನ್ನು ಒಡೆದು ಹಾಕಿದ್ದರು. 1966ರಲ್ಲಿ ಅವರು ಎನ್‌ಬಿಎಯ ಮೊದಲ ಕಪ್ಪು ಮುಖ್ಯ ತರಬೇತುದಾರರಾದರು. ಆಡುತ್ತಲೇ ತಂಡವನ್ನು ನಡೆಸಿ 1968, 1969ರಲ್ಲಿ ಪಟ್ಟ ಗೆದ್ದರು.

ಸನ್ಮಾನಗಳನ್ನು ಅವರು ತಮ್ಮ ಷರತ್ತಿನ ಮೇಲೆಯೇ ಒಪ್ಪಿಕೊಂಡರು. 1975ರಲ್ಲಿ ಹಾಲ್ ಆಫ್ ಫೇಮ್ ಗೌರವ ಬಂದಾಗ ಸಮಾರಂಭಕ್ಕೆ ಹೋಗಲಿಲ್ಲ. ತಮಗಿಂತ ಮುಂಚಿನ ಕಪ್ಪು ಆಟಗಾರರು ಮೊದಲು ಅಲ್ಲಿರಬೇಕಿತ್ತು ಎಂಬುದು ಅವರ ನಿಲುವು. ಅಂಥವರಲ್ಲೊಬ್ಬರಾದ ಚಕ್ ಕೂಪರ್ ಅವರಿಗೆ 2019ರಲ್ಲಿ ಆ ಗೌರವ ಸಂದ ಮೇಲೆಯೇ ರಸಲ್ ತಮ್ಮ ಉಂಗುರವನ್ನು ಸ್ವೀಕರಿಸಿದರು.

2022ರ ಜುಲೈ 31ರಂದು, 88ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ 6ನೆಯ ಸಂಖ್ಯೆಯನ್ನು ಎನ್‌ಬಿಎ ಎಲ್ಲ ತಂಡಗಳಿಂದಲೂ ನಿವೃತ್ತಿಗೊಳಿಸಿತು. ಅಂಥ ಮರ್ಯಾದೆ ಪಡೆದವರಲ್ಲಿ ಅವರೇ ಮೊದಲಿಗರು. ನಮ್ಮ ಶಾಲೆಗಳ ತರಬೇತುದಾರರೂ ಅಂಕಪಟ್ಟಿಯಲ್ಲಿ ತಡೆದ ಚೆಂಡಿಗೆಂದು ಒಂದು ಕಾಲಂ ಬಿಡಲಿ. ಆ ಕಾಲಂ ಏಕೆಂದು ಮಕ್ಕಳು ಕೇಳಿದಾಗ ರಸಲ್ ಅವರ ಕಥೆ ಹೇಳಬಹುದು.