ಹತ್ತಿ ಬೆಳೆಯದ ಊರಿನ ‘ಕುಮಟಾ ಹತ್ತಿ’

ಬ್ರಿಟಿಷರ ಕಾಲದ ಕೃಷಿ ವರದಿಗಳನ್ನು ತಿರುವಿ ಹಾಕಿದರೆ ಧಾರವಾಡ ಸೀಮೆಯ ಹತ್ತಿಯ ಮಾತು ಬಂದಲ್ಲೆಲ್ಲ ಒಂದು ಹೆಸರು ಎದುರಾಗುತ್ತದೆ: ‘ಕುಮಟಾ’. ಗದಗ, ಹುಬ್ಬಳ್ಳಿ, ನವಲಗುಂದಗಳ ಎರೆಹೊಲದಲ್ಲಿ ಬೆಳೆಯುತ್ತಿದ್ದ ಗಿಡ್ಡ ಎಳೆಯ ದೇಶಿ ಹತ್ತಿಗೆ ಮುಂಬಯಿ ಪೇಟೆಯಲ್ಲಿ ಇದ್ದ ಹೆಸರು ಅದು. ವಿಚಿತ್ರವೆಂದರೆ ಉತ್ತರ ಕನ್ನಡದ ಕುಮಟಾದಲ್ಲಿ ಹತ್ತಿ ಬೆಳೆಯುವುದೇ ಇಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆ ನೆಲದಲ್ಲಿ ಭತ್ತ ಉಂಟು, ತೆಂಗು ಉಂಟು, ಹತ್ತಿರದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ ಉಂಟು. ಹತ್ತಿಗೆ ಅಲ್ಲಿ ಜಾಗವಿಲ್ಲ.

ಹಾಗಾದರೆ ಹೆಸರು ಬಂದದ್ದು ಹೇಗೆ? ಬೆಳೆದವನ ಊರಿನ ಹೆಸರು ಖರೀದಿದಾರನಿಗೆ ಬೇಕಾಗಿರಲಿಲ್ಲ. ಮಾಲು ಹಡಗು ಹತ್ತಿದ್ದು ಎಲ್ಲಿಂದ ಎಂಬುದಷ್ಟೇ ಅವನ ಲೆಕ್ಕ. ಘಟ್ಟದ ಮೇಲಿನ ಹತ್ತಿ ಕಡಲಿಗೆ ಇಳಿಯುತ್ತಿದ್ದುದು ಕುಮಟೆಯಲ್ಲಿ.

ಇಂದು ಹೆದ್ದಾರಿಯಲ್ಲಿ ಹೋಗುವ ಪ್ರವಾಸಿಗೆ ಕುಮಟಾ ಒಂದು ತಾಲೂಕು ಪೇಟೆ, ಅಷ್ಟೆ. ಕಡಲು ಕಾಣಬೇಕಾದರೆ ಪೇಟೆ ಬಿಟ್ಟು ಪಶ್ಚಿಮಕ್ಕೆ ವನ್ನಳ್ಳಿಯ ಕಡೆ ಹೋಗಬೇಕು. ಅಲ್ಲಿನ ಕಡಲತೀರಕ್ಕೆ ಈಗಲೂ ‘ಹೆಡ್ ಬಂದರ್’ ಎಂದೇ ಹೆಸರು. ಬಂದರು ಎಂದೊಡನೆ ಧಕ್ಕೆ, ಕ್ರೇನು ಎಂದೆಲ್ಲ ಕಲ್ಪಿಸಿಕೊಳ್ಳಬೇಕಾಗಿಲ್ಲ. ಕುಮಟೆಯದು ಬಯಲು ಕಡಲು. ಹಡಗು ಆಳ ನೀರಿನಲ್ಲಿ ಲಂಗರು ಹಾಕಿ ನಿಲ್ಲಬೇಕು. ಸರಕನ್ನು ದೋಣಿಗಳಲ್ಲಿ ಅಲ್ಲಿಯವರೆಗೆ ಒಯ್ಯಬೇಕು. ಕಾರವಾರದಂಥ ಗುಡ್ಡ, ದ್ವೀಪಗಳ ಮರೆ ಇಲ್ಲಿ ಇಲ್ಲ. ಬಂದರಿಗೆ ಬೇಕಾದ ಲಕ್ಷಣವೇ ಇಲ್ಲದ ಜಾಗ ಬಂದರಾಗಿ ಬೆಳೆಯಿತು ಎಂಬುದೇ ಈ ಊರಿನ ಕಥೆಯ ಸ್ವಾರಸ್ಯ.

ಅದಕ್ಕೆ ಕಾರಣ ಕಡಲಲ್ಲ, ಘಟ್ಟ. ಹುಬ್ಬಳ್ಳಿಯಿಂದ ಶಿರಸಿಗೆ, ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ, ಒಟ್ಟು ಸುಮಾರು 160 ಕಿಲೋಮೀಟರು. ಗಾಡಿರಸ್ತೆ ಆಗುವ ಮೊದಲು ಲಂಬಾಣಿಗಳ ಹೇರೆತ್ತುಗಳು, ಆಮೇಲೆ ಎತ್ತಿನ ಗಾಡಿಗಳು. ದಿನಕ್ಕೆ ಎಂಟು ಹತ್ತು ಹರದಾರಿ ಹೊಡೆಯುವ ಮಾತೇ ಇಲ್ಲ. ಏನಿಲ್ಲವೆಂದರೂ ವಾರದ ದಾರಿ. ಬರುವಾಗ ಹತ್ತಿಯ ಅಂಡಿಗೆ, ಹೋಗುವಾಗ ಉಪ್ಪು, ತೆಂಗಿನಕಾಯಿ, ಒಣಮೀನು. ಗಾಡಿ ಖಾಲಿ ತಿರುಗುತ್ತಿರಲಿಲ್ಲ.

ಈ ವ್ಯಾಪಾರದಲ್ಲಿ ಕಾಲದ ಲೆಕ್ಕ ಬಹಳ ಬಿಗಿ. ಬಯಲುಸೀಮೆಯಲ್ಲಿ ದೇಶಿ ಹತ್ತಿ ಬಿಡಿಸುವುದು ಫಾಲ್ಗುಣ, ಚೈತ್ರದ ಹೊತ್ತಿಗೆ. ಕಡಲು ಮುಚ್ಚುವುದು ಮಿರುಗ ಮಳೆಗೆ, ಅಂದರೆ ಜೂನ್ ಮೊದಲ ವಾರಕ್ಕೆ. ನಡುವೆ ಸಿಗುವುದು ಎರಡು ಮೂರು ತಿಂಗಳು. ಅಷ್ಟರೊಳಗೆ ಬಿಡಿಸಿ, ಬೀಜ ತೆಗೆದು, ಗಾಡಿಗೆ ಹೇರಿ, ಘಟ್ಟ ಇಳಿಸಿ, ದೋಣಿಗೆ ಹಾಕಿ, ಮಚವೆಗೋ ಪತ್ತೇಮಾರಿಗೋ ತುಂಬಬೇಕು. ತಡವಾದ ಮಾಲು ಮಳೆಗಾಲ ಪೂರ್ತಿ ಕುಮಟೆಯ ತೇವದಲ್ಲಿ ಕೊಳೆಯಬೇಕು, ಅಥವಾ ಘಟ್ಟದ ಮೇಲೆಯೇ ಉಳಿಯಬೇಕು. ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಮತ್ತೆ ದೋಣಿ ಇಳಿಸುವ ಮಾತು. ಖಾರ್ವಿ, ಹರಿಕಂತ್ರ, ಅಂಬಿಗ ಮೊದಲಾದ ಕಡಲ ದುಡಿಮೆಯ ಜನರ ವರ್ಷವೂ ಇದೇ ಪಂಚಾಂಗಕ್ಕೆ ಕಟ್ಟುಬಿದ್ದಿತ್ತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ದಕ್ಷಿಣದ ಸಂಸ್ಥಾನಗಳ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಿತು. ಮ್ಯಾಂಚೆಸ್ಟರಿನ ಗಿರಣಿ ಮಾಲೀಕರ ಕಣ್ಣು ಭಾರತದತ್ತ, ಅದರಲ್ಲೂ ಧಾರವಾಡದತ್ತ ತಿರುಗಿತು. 1840ರ ದಶಕದಿಂದಲೇ ಅಲ್ಲಿ ಅಮೆರಿಕನ್ ಜಾತಿಯ ಹತ್ತಿ ಬೆಳೆಸುವ ಪ್ರಯತ್ನ ನಡೆದಿತ್ತು. ಬೆಲೆ ಏರಿದ್ದೇ ತಡ, ಹತ್ತಿಯಲ್ಲಿ ಮೋಸವೂ ಏರಿತು. ಬೀಜ, ಮಣ್ಣು ಬೆರೆಸುವುದು, ತೂಕಕ್ಕೆ ನೀರು ಚಿಮುಕಿಸುವುದು, ಅಮೆರಿಕನ್ ಹತ್ತಿಯೊಳಗೆ ದೇಶಿ ಅರಳೆ ಸೇರಿಸುವುದು ಎಷ್ಟು ಬೆಳೆಯಿತೆಂದರೆ, 1863ರಲ್ಲಿ ಮುಂಬಯಿ ಸರ್ಕಾರ ಹತ್ತಿಯ ಮೋಸಕ್ಕೆಂದೇ ಒಂದು ಕಾಯಿದೆ ಮಾಡಬೇಕಾಯಿತು.

ಇದಕ್ಕಿಂತ ದೊಡ್ಡ ಪರಿಣಾಮ ಇನ್ನೊಂದು. 1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾ ಜಿಲ್ಲೆ ಮದರಾಸು ಆಡಳಿತಕ್ಕೆ ಸೇರಿತ್ತು. ಹತ್ತಿ ಬೆಳೆಯುವ ಧಾರವಾಡ ಮುಂಬಯಿಗೆ, ಹತ್ತಿ ಹಡಗೇರುವ ಕರಾವಳಿ ಮದರಾಸಿಗೆ. ಬಂದರು, ಘಟ್ಟದ ರಸ್ತೆಗಳಿಗೆ ಮದರಾಸು ಸರ್ಕಾರ ಲಕ್ಷ್ಯ ಕೊಡುತ್ತಿಲ್ಲ ಎಂಬುದು ವ್ಯಾಪಾರಿಗಳ ದೂರು. ಮ್ಯಾಂಚೆಸ್ಟರಿನ ಹತ್ತಿ ಕಂಪನಿಯೊಂದು ಕಾರವಾರದ ಪಕ್ಕದ ಸದಾಶಿವಗಡಕ್ಕೆ ಹಡಗಿನಲ್ಲಿ ಯಂತ್ರಗಳನ್ನು ಕಳುಹಿಸಿದಾಗ, ಇಳಿಸಲು ಧಕ್ಕೆಯೂ ಇರಲಿಲ್ಲ, ಘಟ್ಟ ಹತ್ತಿಸಲು ರಸ್ತೆಯೂ ಮುಗಿದಿರಲಿಲ್ಲ. ಕಡೆಗೆ 1862ರಲ್ಲಿ ಉತ್ತರ ಕೆನರಾವನ್ನೇ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. ಒಂದೇ ಜಿಲ್ಲೆಯಾಗಿದ್ದ ಎರಡು ಕನ್ನಡ ಜಿಲ್ಲೆಗಳು ಅಂದಿನಿಂದ 1956ರವರೆಗೆ ಎರಡು ಪ್ರಾಂತಗಳಲ್ಲಿ ಬಾಳಿದವು. ಮಂಗಳೂರಿನವರು ಕಾನೂನು ಓದಲು ಮದರಾಸಿಗೆ, ಕುಮಟೆಯವರು ಮುಂಬಯಿಗೆ ಹೊರಟದ್ದರ ಹಿಂದೆ ಹತ್ತಿಯ ಅಂಡಿಗೆಗಳಿವೆ ಎಂದರೆ ಇಂದಿನ ಓದುಗರಿಗೆ ಅಚ್ಚರಿಯಾದೀತು. ಭಾಷೆ, ಜನ, ಸಂಪ್ರದಾಯ ಯಾವುದನ್ನೂ ಕೇಳದೆ ಒಂದು ಬೆಳೆಯ ಅನುಕೂಲಕ್ಕೆ ಗಡಿ ಎಳೆದ ಉದಾಹರಣೆ ಇದು.

ಸರ್ಕಾರದ ಒಲವು ಇದ್ದದ್ದು ಕಾರವಾರದ ಮೇಲೆ. ಜಿಲ್ಲಾ ಕೇಂದ್ರ ಹೊನ್ನಾವರದಿಂದ ಅಲ್ಲಿಗೆ ಹೋಯಿತು. ಸ್ವಾಭಾವಿಕ ಬಂದರು, ಹೊಸ ರಸ್ತೆ, ರೈಲಿನ ಆಸೆ ಎಲ್ಲ ಅಲ್ಲಿಗೆ. ಆದರೆ ವ್ಯಾಪಾರಕ್ಕೆ ತನ್ನದೇ ಹಟವಿರುತ್ತದೆ. ಗಾಡಿಯವನಿಗೆ ಪರಿಚಯದ ದಾರಿ, ದಲಾಲನಿಗೆ ಪರಿಚಯದ ಪೇಟೆ ಬೇಕು. ಯುದ್ಧ 1865ರಲ್ಲಿ ಮುಗಿದು ಬೆಲೆ ಕುಸಿದ ಮೇಲೂ ಹತ್ತಿ ಕುಮಟೆಗೆ ಇಳಿಯುತ್ತಲೇ ಇತ್ತು.

ಅದನ್ನು ನಿಲ್ಲಿಸಿದ್ದು ಕಾರವಾರವಲ್ಲ, ಗೋವೆ. 1878ರಲ್ಲಿ ಬ್ರಿಟಿಷರೂ ಪೋರ್ತುಗೀಜರೂ ಒಂದು ಒಪ್ಪಂದ ಮಾಡಿಕೊಂಡರು. ಅದರ ಫಲವಾಗಿ ಮುರಗಾಂವ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗೆ ರೈಲು ಹಾಕಿ, ಅದನ್ನು ಹುಬ್ಬಳ್ಳಿ ಕಡೆಯ ಸದರ್ನ್ ಮರಾಠಾ ರೈಲಿಗೆ ಜೋಡಿಸಲಾಯಿತು. 1888ರಲ್ಲಿ ಮಾರ್ಗ ತೆರೆಯಿತು. ವಾರಗಟ್ಟಲೆ ಗಾಡಿ ಹೊಡೆಯುವ ಕೆಲಸ ಒಂದೆರಡು ದಿನಕ್ಕೆ ಇಳಿಯಿತು. ಮಿರುಗ ಮಳೆಯ ಭಯವೂ ಹೋಯಿತು. ಕುಮಟೆ ಕೆಲವೇ ವರ್ಷಗಳಲ್ಲಿ ಹತ್ತಿಯ ಊರಾಗಿ ಉಳಿಯಲಿಲ್ಲ. ರೈಲಿಗಾಗಿ ಕಾದ ಕಾರವಾರಕ್ಕೂ ಏನೂ ದಕ್ಕಲಿಲ್ಲ ಎಂಬುದು ಬೇರೆ ಮಾತು. ಘಟ್ಟದಿಂದ ಕರಾವಳಿಗೆ ಇಳಿಯುವ ಹುಬ್ಬಳ್ಳಿ-ಅಂಕೋಲಾ ರೈಲು ಪಶ್ಚಿಮ ಘಟ್ಟದ ಕಾಡಿನ ಪ್ರಶ್ನೆಗೆ ಸಿಕ್ಕಿ ದಶಕಗಳಿಂದ ನಿಂತೇ ಇದೆ.

ವ್ಯಾಪಾರ ಹೋದರೂ ಊರು ಬರಿದಾಗಲಿಲ್ಲ. ಗುಡಿಗಾರರು ಗಂಧದ ಕೆತ್ತನೆಯ ಕಸುಬನ್ನು ಉಳಿಸಿಕೊಂಡರು. ಕಡಲ ಜನ ಮೀನಿಗೆ ಮರಳಿದರು. ಮುಂಬಯಿಯ ನಂಟು ಮಾತ್ರ ಬೇರೆ ರೂಪ ತಾಳಿತು. ಹತ್ತಿ ಹೋಗುತ್ತಿದ್ದ ಕಡಲದಾರಿಯಲ್ಲಿ ಆಗಬೋಟು ಹತ್ತಿ ಹುಡುಗರು ಹೊರಟರು. ಹೊಳೆಗಳಿಗೆ ಸೇತುವೆಗಳಾಗಿ ಬಸ್ಸು ಓಡುವವರೆಗೆ ಅದೇ ಹೆದ್ದಾರಿ. ಕುಮಟಾ ತಾಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಬಾಳಿ, ಹನೇಹಳ್ಳಿಯನ್ನೇ ಮತ್ತೆ ಮತ್ತೆ ಕಥೆಗಳಲ್ಲಿ ಬರೆದದ್ದು ಕನ್ನಡಿಗರಿಗೆ ಗೊತ್ತು. ಕೊಂಕಣ ರೈಲು ಪೂರ್ತಿ ಮಾರ್ಗದಲ್ಲಿ ಓಡತೊಡಗಿದ 1998ರ ವೇಳೆಗೆ ಇಂಥ ಮೂರು ತಲೆಮಾರು ಅಲ್ಲಿ ನೆಲೆಸಿಯಾಗಿತ್ತು.

ಬಂದರು ಸತ್ತ ಮೇಲೂ ಹತ್ತಿಯ ಹೆಸರು ಸಾಯಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿಯೂ ರೈಲಿನಲ್ಲಿ ಹೋದ ಹತ್ತಿ ‘ಕುಮಟಾ’ ಎಂದೇ ಮಾರಾಟವಾಗುತ್ತಿತ್ತು. ಧಾರವಾಡದ ವಿಜ್ಞಾನಿಗಳು ಆ ಜಾತಿಯನ್ನು ಸುಧಾರಿಸಿ ಜಯವಂತ, ಜಯಧರ ತಳಿಗಳನ್ನು ಕೊಟ್ಟರು. 1972ರಲ್ಲಿ ಧಾರವಾಡದಿಂದಲೇ ವರಲಕ್ಷ್ಮಿ ಸಂಕರ ಹತ್ತಿ ಬಂತು, 2002ರ ನಂತರ ಬಿಟಿ ಹತ್ತಿ. ಹೊಲದಿಂದ ದೇಶಿ ಹತ್ತಿ ಮರೆಯಾದ ಹಾಗೆ ಪೇಟೆಯ ಬಾಯಿಂದ ಕುಮಟೆಯ ಹೆಸರೂ ಜಾರಿತು.