ಬೆರಳಿನ ರಜ್ಜು ಮತ್ತು ‘ಮುಟ್ಟಬಾರದು’ ಎಂಬ ನಿಯಮ

ತುಂಡಾದ ಸ್ನಾಯುರಜ್ಜುವನ್ನು ಹೊಲಿಯಬಾರದು ಎಂಬ ನಿಷೇಧ ಕೈಯ ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಎರಡು ಬಾರಿ ಬಂದಿದೆ. ಮೊದಲನೆಯದು ಅಂಗರಚನೆಯ ತಪ್ಪು ತಿಳಿವಳಿಕೆಯಿಂದ ಹುಟ್ಟಿದ್ದು. ಎರಡನೆಯದು ನುರಿತ ವೈದ್ಯರ ಕಹಿ ಅನುಭವದಿಂದ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂಬುದು ಈ ಲೇಖನದ ವಾದ.

ಎರಡನೇ ಶತಮಾನದ ಗೇಲನ್ ಪೆರ್ಗಮಮ್‌ನಲ್ಲಿ ಗ್ಲಾಡಿಯೇಟರ್‌ಗಳ ವೈದ್ಯನಾಗಿದ್ದವನು. ಕತ್ತಿಯ ಗಾಯಗಳನ್ನು ದಿನವೂ ಕಂಡವನು. ಆದರೂ ರಜ್ಜುವಿನಲ್ಲಿ ನರದ ಅಂಶ ಬೆರೆತಿದೆ, ಅದಕ್ಕೆ ಸೂಜಿ ಚುಚ್ಚಿದರೆ ಸೆಳವು ಬರುತ್ತದೆ ಎಂದು ನಂಬಿದ್ದ. ಆ ಮಾತು ಯುರೋಪಿನಲ್ಲಿ ಸಾವಿರ ವರ್ಷ ಮೀರಿ ನಡೆಯಿತು. ಇಬ್ನ್ ಸೀನಾ (980–1037) ರಜ್ಜುವನ್ನು ಹೊಲಿಯಬಹುದೆಂದು ಬರೆದಿದ್ದರೂ ಗೇಲನ್‌ನ ಹೆಸರಿನ ಎದುರು ಅದಕ್ಕೆ ಬೆಲೆ ಸಿಗಲಿಲ್ಲ. 1752ರಲ್ಲಿ ಗಾಟಿಂಗೆನ್‌ನ ಆಲ್ಬ್ರೆಕ್ಟ್ ಫಾನ್ ಹಾಲರ್ ತನ್ನ ಪ್ರಯೋಗಗಳನ್ನು ಮಂಡಿಸಿದ: ರಜ್ಜುವನ್ನು ಚುಚ್ಚಿದರೂ ಕತ್ತರಿಸಿದರೂ ಪ್ರಾಣಿ ನೋವು ತೋರಲಿಲ್ಲ. ಮೊದಲ ನಿಷೇಧದ ಬುಡ ಅಲ್ಲಿಗೆ ಕಳಚಿತು.

ಎರಡನೆಯದು ಅರ್ಥವಾಗಬೇಕಾದರೆ ಬೆರಳಿನ ಒಳಗನ್ನು ನೋಡಬೇಕು. ಹೆಬ್ಬೆರಳು ಬಿಟ್ಟು ಉಳಿದ ಪ್ರತಿ ಬೆರಳನ್ನೂ ಮಡಿಚಲು ಮುಂಗೈಯಿಂದ ಎರಡು ರಜ್ಜುಗಳು ಬರುತ್ತವೆ. ಮೇಲಿನದು ಬೆರಳಿನ ಬುಡದ ಹತ್ತಿರ ಎರಡು ಕವಲಾಗುತ್ತದೆ; ಆ ಕವಲಿನ ನಡುವೆ ಕೆಳಗಿನದು ತೂರಿ ತುದಿಯ ಮೂಳೆಯನ್ನು ಸೇರುತ್ತದೆ. ಎರಡೂ ಸಾಗುವುದು ಒಂದೇ ಬಿಗಿಯಾದ ಕೊಳವೆಯೊಳಗೆ. ಅಲ್ಲಿ ಹೊಲಿಗೆ ಹಾಕಿದರೆ ರಜ್ಜು ಊದಿಕೊಂಡು ಸುತ್ತಲಿನ ಗೋಡೆಗೆ ಅಂಟುತ್ತದೆ. ಗಾಯ ಮಾಯುತ್ತದೆ, ಬೆರಳು ಮಾತ್ರ ಮಡಿಚುವುದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊದ ಸ್ಟರ್ಲಿಂಗ್ ಬನೆಲ್ ಈ ಸೋಲನ್ನು ಚೆನ್ನಾಗಿ ಬಲ್ಲವರು. ಅಂಗೈಯ ಮುಂದಿನ ಗೆರೆಯಿಂದ ಬೆರಳಿನ ನಡುಗೀಲಿನವರೆಗಿನ ಭಾಗಕ್ಕೆ ‘ನೋ ಮ್ಯಾನ್ಸ್ ಲ್ಯಾಂಡ್’ ಎಂಬ ಯುದ್ಧಭೂಮಿಯ ಹೆಸರು ಅಂಟಿದ್ದು ಅವರಿಂದ. ಅಲ್ಲಿ ರಜ್ಜು ಕಡಿದರೆ ಸದ್ಯಕ್ಕೆ ಚರ್ಮವನ್ನಷ್ಟೇ ಮುಚ್ಚಿ, ಮುಂದೆ ಬೇರೆಡೆಯ ರಜ್ಜುವನ್ನು ತಂದು ಕಸಿ ಮಾಡಬೇಕು ಎಂಬುದು ಅವರ ನಿಲುವು. 1944ರಲ್ಲಿ ಅವರ ‘ಸರ್ಜರಿ ಆಫ್ ದ ಹ್ಯಾಂಡ್’ ಗ್ರಂಥ ಬಂತು; ಎರಡನೇ ಮಹಾಯುದ್ಧದ ಗಾಯಾಳುಗಳ ಚಿಕಿತ್ಸೆಗೆ ಅದೇ ದಾರಿ ತೋರಿತು. ಬನೆಲ್‌ರನ್ನು ಹಿಂಜರಿದವರೆಂದು ಚಿತ್ರಿಸುವುದು ಅನ್ಯಾಯ. ಆಂಟಿಬಯೋಟಿಕ್ ಇಲ್ಲದ ದಿನಗಳಲ್ಲಿ ಪಳಗಿದ ಕೈ ಅದು. ಅಂದು ಆ ನಿಯಮ ಎಷ್ಟೋ ಬೆರಳುಗಳನ್ನು ಕೀವಿನಿಂದ ಉಳಿಸಿತು.

ಬೆರಳಿನ ಹಿಂಬದಿಯಲ್ಲಿ ಇಂಥ ಕೊಳವೆ ಇಲ್ಲ, ಹಾಗಾಗಿ ಅಲ್ಲಿ ಈ ಭಯವೂ ಇರಲಿಲ್ಲ. ಕ್ರಿಕೆಟ್ ಚೆಂಡು ಬಡಿದು ತುದಿ ಜೋತುಬೀಳುವ ‘ಮ್ಯಾಲೆಟ್ ಫಿಂಗರ್’ ಬಹುಮಟ್ಟಿಗೆ ಆರರಿಂದ ಎಂಟು ವಾರ ಪಟ್ಟಿ ಬಿಚ್ಚದೆ ನೇರವಾಗಿ ಹಿಡಿದಿಟ್ಟರೆ ಸರಿಹೋಗುತ್ತದೆ.

ಎರಡನೇ ನಿಷೇಧವನ್ನು ಪ್ರಶ್ನಿಸಿದವರಲ್ಲಿ ಲೊಸಾನ್‌ನ ಕ್ಲೋಡ್ ವೆರ್ಡನ್ ಪ್ರಮುಖರು. ಅವರ ಲೇಖನ ಬಂದದ್ದು 1960ರಲ್ಲಿ. 1967ರಲ್ಲಿ ಅಮೆರಿಕದ ಲೂಯಿವಿಲ್‌ನ ಹೆರಾಲ್ಡ್ ಕ್ಲೈನರ್ಟ್, ಅದೇ ನಿಷಿದ್ಧ ಜಾಗದಲ್ಲಿ ಕೂಡಲೇ ಹೊಲಿದು ಒಳ್ಳೆಯ ಫಲ ಕಂಡದ್ದನ್ನು ಸಹೋದ್ಯೋಗಿಗಳ ಮುಂದಿಟ್ಟರು. ಮೊದಲು ಹಲವರು ನಂಬಲಿಲ್ಲ. ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು ಹೊಲಿಗೆಗಿಂತ ಅದರ ನಂತರದ ಆರೈಕೆಯಲ್ಲಿದೆ. ಮಣಿಕಟ್ಟನ್ನು ಬಾಗಿಸಿ ಪಟ್ಟಿ ಕಟ್ಟುತ್ತಿದ್ದರು. ಉಗುರಿಗೆ ರಬ್ಬರ್ ಬ್ಯಾಂಡ್ ಸಿಕ್ಕಿಸಿ ಅದರ ಇನ್ನೊಂದು ತುದಿಯನ್ನು ಮಣಿಕಟ್ಟಿನ ಕಡೆ ಬಿಗಿಯುತ್ತಿದ್ದರು. ರೋಗಿ ಬೆರಳನ್ನು ತಾನೇ ನೀಡುತ್ತಾನೆ, ಮಡಿಚುವ ಕೆಲಸ ಬ್ಯಾಂಡಿನದು. ಹೊಲಿಗೆಯ ಮೇಲೆ ಸ್ನಾಯುವಿನ ಎಳೆತ ಬೀಳದೆ ರಜ್ಜು ಕೊಳವೆಯೊಳಗೆ ಜಾರುತ್ತಿರುತ್ತದೆ. ಅಂಟಿಕೊಳ್ಳಲು ಬಿಡುವೇ ಸಿಗದು. 1970ರ ದಶಕದಲ್ಲಿ ಸ್ವೀಡನ್ನಿನ ಯೋರಾನ್ ಲುಂಡ್‌ಬೋರ್ಗ್, ಮೊಲದ ಮಂಡಿಯ ಕೀಲುದ್ರವದಲ್ಲಿ ಬಿಟ್ಟ ರಜ್ಜು ಅಂಟಿಕೆಯಿಲ್ಲದೆಯೇ ಮಾಯುವುದನ್ನು ತೋರಿಸಿ ಈ ಪದ್ಧತಿಗೆ ಜೀವಶಾಸ್ತ್ರದ ಬಲ ಕೊಟ್ಟರು.

ಇಂದು ಆ ಜಾಗದ ಗಾಯಕ್ಕೂ ಮೊದಲ ಕೆಲವು ದಿನಗಳಲ್ಲೇ ರಜ್ಜು ಹೊಲಿಯುವುದು ರೂಢಿ. ಆದರೆ ಪೆಟ್ಟನ್ನು ಗುರುತಿಸದೆ ಚರ್ಮವನ್ನಷ್ಟೇ ಹೊಲಿದು ಕಳುಹಿಸಿದರೆ ಈ ಚರಿತ್ರೆಯೆಲ್ಲ ವ್ಯರ್ಥ. ಈಳಿಗೆಮಣೆ, ಕುಡುಗೋಲು, ಒಡೆದ ಗಾಜು ತಗುಲಿ ಬೆರಳಿನ ಒಳಬದಿ ಕೊಯ್ದಾಗ ಗಾಯ ಎಷ್ಟೇ ಸಣ್ಣದಿರಲಿ, ಹೊಲಿಗೆಗೆ ಮೊದಲು ವೈದ್ಯರಿಗೆ ಹೇಳಿ ಪರೀಕ್ಷೆ ಮಾಡಿಸಿ: ನಡುಗೀಲನ್ನು ಹಿಡಿದಾಗ ತುದಿಯೊಂದೇ ಮೆಲ್ಲನೆ ಮಡಿಚುತ್ತದೆಯೇ? ಮಡಿಚದಿದ್ದರೆ ತಡಮಾಡದೆ ಕೈಯ ಶಸ್ತ್ರಚಿಕಿತ್ಸೆ ತಿಳಿದವರ ಬಳಿ ಹೋಗಿ.